ಮೈಸೂರಿನಲ್ಲಿ ದೋಸೆ: ಯಾವುದು ಎಲ್ಲಿ, ಯಾವ ಹೊತ್ತಿಗೆ, ಮನೆ ಕಾವಲಿಯಲ್ಲಿ ಯಾಕೆ ಹಾಗೆ ಬರಲ್ಲ

ಬೆಂಗಳೂರು ಬಸ್ಸು:

ಎಲ್ಲರಿಗೂ ನಮಸ್ಕಾರ. ಮುಂದಿನ ಶನಿವಾರ ಬೆಳಿಗ್ಗೆ ಬಂದು ಭಾನುವಾರ ರಾತ್ರಿ ಹೊರಡೋ ಯೋಜನೆ. ಐದು ಜನ. ಒಬ್ಬರು ಎಪ್ಪತ್ತು ದಾಟಿದವರು, ಗಟ್ಟಿ ಪದಾರ್ಥ ಅಗಿಯೋಕೆ ಕಷ್ಟ. ಒಂದು ಆರು ವರ್ಷದ ಮಗು, ಖಾರ ತಿನ್ನಲ್ಲ. ಉಳ್ಕೊಳ್ಳೋದು ಸಬರ್ಬನ್ ಬಸ್ ಸ್ಟ್ಯಾಂಡ್ ಹತ್ತಿರ. ಎರಡು ದಿನದಲ್ಲಿ ಮೂರು ಹೊತ್ತು ದೋಸೆಗೇ ಮೀಸಲು. ಮೆತ್ತನೆ ದೋಸೆ ಎಲ್ಲಿ, ಗರಿಗರಿ ಮಸಾಲೆ ಎಲ್ಲಿ? ಎಷ್ಟು ಹೊತ್ತಿಗೆ ಹೋದರೆ ಒಳ್ಳೇದು? ಬೆಂಗಳೂರಲ್ಲಿ ಕೆಂಪು ಚಟ್ನಿ ಸವರಿ "ಮೈಸೂರು ಮಸಾಲೆ" ಅಂತ ಕೊಡ್ತಾರಲ್ಲ, ಅಲ್ಲೂ ಅದೇ ಹೆಸರಾ? ಗೊತ್ತಿದ್ದವರು ಮನೆಯಲ್ಲಿ ಮಾಡೋ ಲೆಕ್ಕವನ್ನೂ ಬರೆದರೆ ಉಪಕಾರ.

ನಂಜುಮಳಿಗೆ ನಿವಾಸಿ:

ಮೆತ್ತನೆಯದಕ್ಕೆ ನಜರ್‌ಬಾದ್, ಮಸಾಲೆಗೆ ಚಾಮುಂಡಿಪುರಂ. ಇಷ್ಟು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ನೀವು ಉಳಿಯೋ ಕಡೆಯಿಂದ ನಜರ್‌ಬಾದ್ ಹತ್ತಿರ. ಆಟೋದವರಿಗೆ "ಮೈಲಾರಿ" ಅಂದರೆ ಸಾಕು. ಆದರೆ ಆ ರಸ್ತೆಯಲ್ಲಿ ಮೈಲಾರಿ ಹೆಸರಿನ ಹೋಟೆಲು ಎರಡಿವೆ, ಎರಡರ ಬೋರ್ಡಿನಲ್ಲೂ "ಒರಿಜಿನಲ್" ಅಂತಲೇ ಇದೆ. ಯಾವುದು ಮೊದಲು ಅನ್ನೋ ವಾದಕ್ಕೆ ಇಲ್ಲಿ ಹೋಗೋದು ಬೇಡ. ಎರಡರಲ್ಲೂ ಜಾಗ ಚಿಕ್ಕದು, ಸಿಗೋ ಪದಾರ್ಥ ಕಡಿಮೆ: ಇಡ್ಲಿ, ಖಾಲಿ ದೋಸೆ, ಮಸಾಲೆ ದೋಸೆ, ಕಾಫಿ. ಎಲೆ ಮೇಲೆ ಬಡಿಸ್ತಾರೆ. ದೋಸೆ ಅಂಗೈಗಿಂತ ಸ್ವಲ್ಪ ದೊಡ್ಡದು, ಹತ್ತಿಯ ಹಾಗೆ ಮೆತ್ತಗೆ, ಮೇಲೆ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ. ಸಾಂಬಾರ್ ಕಾಯಬೇಡಿ. ಮಸಾಲೆ ಅಂದರೆ ಒಳಗೆ ಆಲೂಗಡ್ಡೆ ಪಲ್ಯ ಅಲ್ಲ, ಈರುಳ್ಳಿ ಸಾಗು. ನಿಮ್ಮ ಹಿರಿಯರಿಗೆ ಇದಕ್ಕಿಂತ ಒಳ್ಳೆ ದೋಸೆ ಊರಲ್ಲಿಲ್ಲ, ಹಲ್ಲೇ ಬೇಡ. ಮಗುವಿಗೆ ಖಾಲಿ ದೋಸೆ ಬೆಣ್ಣೆ ಜೊತೆ ಹೇಳಿ, ಚಟ್ನಿ ಬೇರೆ ಬಟ್ಟಲಲ್ಲಿ ಕೇಳಿ.

ಚಾಮುಂಡಿಪುರದಲ್ಲಿ ಜಿಟಿಆರ್. ಗಾಯತ್ರಿ ಟಿಫಿನ್ ರೂಮ್ ಅಂತ ಪೂರ್ತಿ ಹೆಸರು. ಇಲ್ಲಿ ಮಸಾಲೆ ದೋಸೆಯ ಹೊರಮೈ ಹೊಂಬಣ್ಣ, ಒಳಗೆ ಇನ್ನೂ ಮೃದು. ಕಾಗದದ ಥರ ತೆಳ್ಳಗಿನ ದೋಸೆ ಬಯಸಿ ಹೋಗಬೇಡಿ, ಅದು ಇಲ್ಲಿನ ರೀತಿ ಅಲ್ಲ. ಸೆಟ್ ದೋಸೆಯನ್ನೂ ಒಂದು ಹೇಳಿ ಹಂಚಿಕೊಳ್ಳಿ.

ಹೊತ್ತಿನ ವಿಚಾರ: ಭಾನುವಾರ ಎಂಟೂವರೆಯಿಂದ ಹನ್ನೊಂದರವರೆಗೆ ಎರಡು ಕಡೆಯೂ ಬಾಗಿಲ ಹೊರಗೆ ಜನ ನಿಂತಿರ್ತಾರೆ. ಶನಿವಾರ ಏಳೂವರೆ ಒಳಗೆ ನಜರ್‌ಬಾದ್ ಮುಗಿಸಿ. ಮಧ್ಯಾಹ್ನ ಎರಡು ಗಂಟೆಗೆ ದೋಸೆ ಹುಡುಕಿಕೊಂಡು ಹೊರಡಬೇಡಿ. ಇಂಥ ಹಳೇ ಟಿಫಿನ್ ಹೋಟೆಲುಗಳು ಮಧ್ಯಾಹ್ನ ಒಲೆ ಆರಿಸಿ ಸಂಜೆಗೆ ಮತ್ತೆ ಹಚ್ಚೋದು ರೂಢಿ. ವಾರದ ರಜೆ ಯಾವತ್ತು ಅಂತ ಉಳಿಯೋ ಜಾಗದಲ್ಲೇ ಕೇಳಿಕೊಂಡು ಹೊರಡಿ.

ಕಾವಲಿ ಕೈ:

ಮೇಲಿನವರು ಜಾಗ ಸರಿಯಾಗಿ ಹೇಳಿದ್ದಾರೆ. ನಾನು ಕಾವಲಿ ಬಗ್ಗೆ ಹೇಳ್ತೀನಿ, ಯಾಕೆಂದರೆ ಯಾವ ಹೋಟೆಲಿಗೆ ಹೋದರೂ ಅದೊಂದನ್ನು ನೋಡಿದರೆ ಅಲ್ಲಿ ಕೂರಬೇಕೋ ಮುಂದೆ ಹೋಗಬೇಕೋ ಗೊತ್ತಾಗುತ್ತೆ.

ದಪ್ಪ ಕಬ್ಬಿಣದ ಹಲಗೆ ಇರಬೇಕು. ಅದರ ದಪ್ಪದಲ್ಲೇ ಕಾವು ಶೇಖರಣೆ ಆಗಿರುತ್ತೆ, ಹತ್ತು ದೋಸೆ ಒಟ್ಟಿಗೆ ಹುಯ್ದರೂ ಕಾವು ಕುಸಿಯಲ್ಲ. ಭಟ್ಟರು ಒಂದು ಸರದಿ ತೆಗೆದ ಮೇಲೆ ನೀರು ಚಿಮುಕಿಸಿ ತೆಂಗಿನ ಕಡ್ಡಿ ಪೊರಕೆಯಿಂದ ಗುಡಿಸ್ತಾರಲ್ಲ, ಅದು ಬರೀ ಸ್ವಚ್ಛ ಮಾಡೋಕೆ ಅಲ್ಲ. ಮೇಲ್ಮೈ ಕಾವನ್ನು ಒಂದು ಮಟ್ಟಕ್ಕೆ ಇಳಿಸೋಕೆ. ಕಾವಲಿ ಅತಿಯಾಗಿ ಕಾದಿದ್ದರೆ ಹಿಟ್ಟು ಬಿದ್ದ ತಕ್ಷಣ ಗಟ್ಟಿಯಾಗಿ ಸೌಟಿನ ಜೊತೆಗೇ ಎದ್ದು ಬರುತ್ತೆ, ಹರಡೋಕೆ ಆಗಲ್ಲ. ಕಾವು ಕಡಿಮೆಯಾದರೆ ಹಿಟ್ಟು ಕೆಳಗೆ ಅಂಟುತ್ತೆ, ಮೇಲೆ ಕಣ್ಣು (ಸಣ್ಣ ತೂತು) ಬಿಡಲ್ಲ, ಬಿಳುಚಿಕೊಂಡಿರುತ್ತೆ. ನೀರು ಬಿದ್ದಾಗ ಹನಿಗಳು ಮುತ್ತಿನ ಹಾಗೆ ಓಡಾಡಿದರೆ ಇನ್ನೂ ಕಾವು ಜಾಸ್ತಿ. ಚುಯ್ ಅಂದು ಎರಡು ಮೂರು ಸೆಕೆಂಡಲ್ಲಿ ಆರಿದರೆ ಹುಯ್ಯೋ ಹೊತ್ತು.

ಬೆಣ್ಣೆ ಯಾವಾಗ ಹಾಕ್ತಾರೆ ನೋಡಿ. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 16 ಪಾಲು ನೀರು ಮತ್ತು ಸ್ವಲ್ಪ ಹಾಲಿನಂಶ ಇರುತ್ತೆ. ಹಸಿ ಹಿಟ್ಟಿನ ಅಂಚಿಗೆ ಮೊದಲೇ ಹಾಕಿದರೆ ಆ ಹಾಲಿನಂಶ ಕಾವಲಿಗೆ ತಾಗಿ ಕರಕಲಾಗುತ್ತೆ, ದೋಸೆ ತುಂಬಾ ಕಪ್ಪು ಚುಕ್ಕೆ. ಮೇಲ್ಮೈ ಒಣಗಿದ ಮೇಲೆ ದೋಸೆಯ ನಡುವೆ ಇಟ್ಟರೆ ಅಲ್ಲೇ ಕರಗಿ ಕಣ್ಣುಗಳ ಒಳಗೆ ಇಳಿಯುತ್ತೆ. ಮೆತ್ತನೆ ದೋಸೆಗೆ ಇಳಿಸೋ ಹೊತ್ತಿಗೆ ಹಾಕೋದೇ ಸರಿ.

ಆದಷ್ಟು ಕಾವಲಿ ಹತ್ತಿರ ಕೂರಿ. ದೋಸೆಯ ಆಯಸ್ಸು ಐದು ನಿಮಿಷ. ಎಲ್ಲರಿಗೂ ಒಟ್ಟಿಗೆ ಬರಲಿ ಅಂತ ಕಾಯಬೇಡಿ, ಯಾರಿಗೆ ಮೊದಲು ಬಂತೋ ಅವರು ಶುರು ಮಾಡಲಿ.

ಬೆಂಗಳೂರು ಬಸ್ಸು:

ತುಂಬಾ ಧನ್ಯವಾದ ಸರ್. ಕೆಂಪು ಚಟ್ನಿ ವಿಚಾರ?

ನಂಜುಮಳಿಗೆ ನಿವಾಸಿ:

ಇಲ್ಲಿ ಬರೀ "ಮಸಾಲೆ ದೋಸೆ" ಅಂದರೆ ಸಾಕು, ಊರಿನ ಹೆಸರು ಸೇರಿಸಬೇಕಾಗಿಲ್ಲ. ಕೆಂಪು ಚಟ್ನಿ ಸವರೋದು ಹೋಟೆಲಿಂದ ಹೋಟೆಲಿಗೆ ಬೇರೆ. ನಜರ್‌ಬಾದಿನ ಮೆತ್ತನೆ ದೋಸೆಯಲ್ಲಿ ಇಲ್ಲ. ಬೇರೆ ಕಡೆ ಖಾರ ಬೇಡವಾದರೆ "ಒಳಗೆ ಚಟ್ನಿ ಸವರಬೇಡಿ" ಅಂತ ಹೇಳೋವಾಗಲೇ ಹೇಳಿ. ಕಾವಲಿ ಮೇಲೆ ಬಿದ್ದ ಮೇಲೆ ಬದಲಾಯಿಸೋಕೆ ಆಗಲ್ಲ.

ಸರಸ್ವತಿಪುರಂ ಅಡುಗೆಮನೆ:

ಮನೆ ಲೆಕ್ಕ ನಾನು ಬರೀತೀನಿ. ಮೊದಲೇ ಹೇಳಿಬಿಡ್ತೀನಿ, ಯಾವ ಹೋಟೆಲಿನ ಒಳಗುಟ್ಟೂ ಇದಲ್ಲ. ಆ ರೀತಿಯ ದೋಸೆ ಮನೆ ಒಲೆಯಲ್ಲಿ ಬರೋ ಅಳತೆ.

ಮೆತ್ತನೆ ದೋಸೆಗೆ: ದೋಸೆ ಅಕ್ಕಿ 3 ಲೋಟ, ಉದ್ದಿನಬೇಳೆ ಮುಕ್ಕಾಲು ಲೋಟ, ಗಟ್ಟಿ ಅವಲಕ್ಕಿ 1 ಲೋಟ, ಮೆಂತ್ಯ 1 ಟೀ ಚಮಚ. ಕಡಲೆಬೇಳೆ ಬೇಡ. ಅಕ್ಕಿ ಮೆಂತ್ಯ ಒಟ್ಟಿಗೆ 5 ರಿಂದ 6 ಗಂಟೆ ನೆನೆಯಲಿ. ಉದ್ದು ಬೇರೆ ಪಾತ್ರೆಯಲ್ಲಿ, 3 ಗಂಟೆ ಸಾಕು. ಅವಲಕ್ಕಿ ರುಬ್ಬೋಕೆ ಹತ್ತು ನಿಮಿಷ ಮುಂಚೆ ತೊಳೆದು ನೆನೆಸಿ. ಉದ್ದನ್ನು ಮೊದಲು ತಣ್ಣೀರು ಹಾಕಿ ಬೆಣ್ಣೆ ಥರ ರುಬ್ಬಿ. ಒಂದು ಚೂರು ತೆಗೆದು ನೀರಿಗೆ ಬಿಟ್ಟರೆ ತೇಲಬೇಕು. ಅಕ್ಕಿ ಪೂರ್ತಿ ನುಣ್ಣಗೆ ಬೇಡ, ಬೆರಳಲ್ಲಿ ಉಜ್ಜಿದರೆ ಸಣ್ಣ ರವೆ ಸಿಗೋ ಹಾಗಿರಲಿ. ಎರಡನ್ನೂ ಕೈಯಲ್ಲೇ ಕಲಸಿ.

ಗರಿಗರಿ ಮಸಾಲೆಗೆ: ಅಕ್ಕಿ 3 ಲೋಟ, ಉದ್ದು ಮುಕ್ಕಾಲು, ಕಡಲೆಬೇಳೆ 2 ದೊಡ್ಡ ಚಮಚ, ಅವಲಕ್ಕಿ ಅರ್ಧ ಲೋಟ ಮಾತ್ರ, ಮೆಂತ್ಯ 1 ಟೀ ಚಮಚ. ಹುಯ್ಯೋ ಮುಂಚೆ ಅರ್ಧ ಟೀ ಚಮಚ ಸಕ್ಕರೆ. ಬೇಕಿದ್ದರೆ 2 ಚಮಚ ಚಿರೋಟಿ ರವೆ. ಕಡಲೆಬೇಳೆ, ಸಕ್ಕರೆ ಇಲ್ಲದಿದ್ದರೆ ಆ ಹೊಂಬಣ್ಣ ಬರಲ್ಲ.

ಹುಯ್ಯೋ ರೀತಿ ಬೇರೆ ಬೇರೆ. ಮೆತ್ತನೆ ದೋಸೆಗೆ ಒಂದೂವರೆ ಸೌಟು ಹಿಟ್ಟು ನಡುವೆ ಹುಯ್ದು ಒಂದೆರಡು ಸುತ್ತು ಮಾತ್ರ, ಆರೇಳು ಇಂಚಿಗೆ ನಿಲ್ಲಿಸಿ. ಅರ್ಧ ನಿಮಿಷದಲ್ಲಿ ಕಣ್ಣು ಬಿಡುತ್ತೆ. ಆಮೇಲೆ ಉರಿ ಸಣ್ಣ ಮಾಡಿ ಮುಚ್ಚಿ, ಒಂದು ನಿಮಿಷ. ಮುಚ್ಚಳ ಕಣ್ಣು ಬಿಡೋ ಮೊದಲೇ ಮುಚ್ಚಿದರೆ ಆವಿ ನೀರು ಹಿಟ್ಟಿನ ಮೇಲೆ ಬಿದ್ದು ತೂತು ಮುಚ್ಚಿಹೋಗುತ್ತೆ, ಮೇಲೆ ಅಂಟಂಟು ಪೊರೆ. ಇದೊಂದು ತಪ್ಪಿನಿಂದಲೇ ಬಹಳ ಜನರ ಸೆಟ್ ದೋಸೆ ಕೆಡೋದು. ಮಸಾಲೆಗೆ ಮುಚ್ಚಳ ಬೇಡವೇ ಬೇಡ.

ಮಂಡ್ಯದ ಮಿಲ್ಲು:

ಅಕ್ಕ ಅಳತೆ ಕರೆಕ್ಟಾಗದೆ. ಆದ್ರೆ ಅಕ್ಕಿ ಯಾವ್ದು ಅಂತ ಹೇಳ್ದೆ ಹೋದ್ರೆ ಅರ್ಧ ಜನ ಎಡವ್ತಾರೆ. ನಮ್ಮ ಕಡೆ ಸುಗ್ಗಿ ಆದ್ಮೇಲೆ ಬರೋ ಹೊಸ ಅಕ್ಕಿ ಹಾಕ್ಬುಟ್ರೆ ಹಿಟ್ಟು ಜಿಗುಟಾಯ್ತದೆ. ಹೊಸ ಅಕ್ಕಿ ನೀರು ಕುಡಿಯದು ಕಮ್ಮಿ, ಅಳತೆ ನೀರು ಹಾಕುದ್ರೂ ಹಿಟ್ಟು ನೀರಾಯ್ತದೆ, ಕಾವಲಿಗೆ ಅಂಟ್ಕತದೆ. ಒಂದ್ವರ್ಷ ಹಳೇದಾದ ದಪ್ಪಕ್ಕಿ ತಗಳಿ. ಅಂಗಡೀಲಿ ದೋಸೆ ಅಕ್ಕಿ ಅಂದ್ರೆ ಕೊಡ್ತಾರೆ. ಊಟದ ಸೋನಾ ಮಸೂರಿನಲ್ಲೂ ಆಯ್ತದೆ, ಉಬ್ಬದು ಕಮ್ಮಿ. ಕುಸಲಕ್ಕಿ ಇಡ್ಲಿಗೆ ಸರಿ, ಗರಿಗರಿ ದೋಸೆಗೆ ಬ್ಯಾಡಿ, ಮೆತ್ತಗೆ ರಬ್ಬರ್ ಥರ ಎಳೀತದೆ. ಹೊಸ ಅಕ್ಕೀನೇ ಇದ್ರೆ ನೀರು ಕಾಲು ಭಾಗ ಕಮ್ಮಿ ಮಾಡಿ, ಅವಲಕ್ಕಿನೂ ಅರ್ಧ ಲೋಟಕ್ಕೆ ಇಳಿಸ್ಬುಡಿ.

ಸರಸ್ವತಿಪುರಂ ಅಡುಗೆಮನೆ:

ಒಳ್ಳೇದು ಹೇಳಿದ್ರಿ ಅಣ್ಣ. ಉದ್ದಿಗೂ ಇದೇ ಮಾತು, ಅದು ಮಾತ್ರ ಉಲ್ಟಾ. ಹಳೇ ಉದ್ದು ಉಬ್ಬಲ್ಲ, ರುಬ್ಬುವಾಗ ನೊರೆ ಕಟ್ಟಲ್ಲ. ಅಕ್ಕಿ ಹಳೇದಿರಲಿ, ಉದ್ದು ಹೊಸದಿರಲಿ.

ಹಿಟ್ಟು ಹುಳಿ:

ಹುದುಗುವಿಕೆ ಬಗ್ಗೆ ಸ್ವಲ್ಪ ವಿವರ. ಡಿಸೆಂಬರ್ ಜನವರಿಯಲ್ಲಿ "ಹಿಟ್ಟು ಉಬ್ಬಿಲ್ಲ" ಅನ್ನೋ ದೂರು ಮೈಸೂರಿನಲ್ಲಿ ಮನೆಮನೆಯಲ್ಲಿ ಕೇಳುತ್ತೆ.

ಹಿಟ್ಟು ಉಬ್ಬೋದು ಯೀಸ್ಟಿನಿಂದ ಅಂತ ಹಲವರು ತಿಳಿದಿದ್ದಾರೆ. ಯೀಸ್ಟ್ ಇರುತ್ತೆ, ಆದರೆ ಮುಖ್ಯ ಕೆಲಸ ಲ್ಯಾಕ್ಟಿಕ್ ಆಮ್ಲ ಮಾಡೋ ಬ್ಯಾಕ್ಟೀರಿಯಾಗಳದ್ದು. ಅದರಲ್ಲೂ ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಅನ್ನೋದು ಆಮ್ಲದ ಜೊತೆಗೆ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುತ್ತೆ. ಇವು ಉದ್ದು ಮತ್ತು ಅಕ್ಕಿಯ ಮೇಲೆ ಸಹಜವಾಗಿಯೇ ಇರುತ್ತವೆ. ಅನಿಲವನ್ನು ಹಿಡಿದಿಡೋದು ಉದ್ದಿನ ಲೋಳೆ. ಅದಕ್ಕೇ ಉದ್ದು ಚೆನ್ನಾಗಿ ಅರೆಯದಿದ್ದರೆ ಹುಳಿ ಬರುತ್ತೆ, ಉಬ್ಬು ಬರಲ್ಲ.

27 ರಿಂದ 30 ಡಿಗ್ರಿ ಇದ್ದರೆ 8 ರಿಂದ 10 ಗಂಟೆ ಸಾಕು. ಚಳಿಗಾಲದ ರಾತ್ರಿ ಇಲ್ಲಿ 16, 17 ಡಿಗ್ರಿಗೆ ಇಳಿಯುತ್ತೆ. ಆಗ 14 ಗಂಟೆಯಾದರೂ ಬೇಕು. ಪಾತ್ರೆಯನ್ನು ಒಲೆ ಪಕ್ಕ ಇಡೋದಕ್ಕಿಂತ ಅಗಲ ಬೋಗುಣಿಯಲ್ಲಿ ಬೆಚ್ಚಗಿನ ನೀರು ಹಾಕಿ ಅದರ ಮೇಲಿಟ್ಟು, ಹೊದಿಕೆ ಸುತ್ತಿಡಿ. ಓವನ್ ಇದ್ದರೆ ಒಳಗಿನ ದೀಪ ಮಾತ್ರ ಹಚ್ಚಿ ಇಡಬಹುದು. ಮಿಕ್ಸಿಯಲ್ಲಿ ರುಬ್ಬುವವರು ಹಿಟ್ಟನ್ನು ಮುಟ್ಟಿ ನೋಡಿ. ಕೈಗೆ ಬಿಸಿ ತಾಗಿದರೆ ಕೆಲಸ ಕೆಟ್ಟಿತು. ಐಸ್ ನೀರು ಬಳಸಿ, ಮೂವತ್ತು ಸೆಕೆಂಡು ಓಡಿಸಿ ನಿಲ್ಲಿಸಿ, ಮತ್ತೆ ಓಡಿಸಿ.

ಉಪ್ಪು ಯಾವಾಗ ಅನ್ನೋ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಉಪ್ಪು ಹುದುಗನ್ನು ನಿಧಾನ ಮಾಡುತ್ತೆ. ಬೇಸಿಗೆಯಲ್ಲಿ ರುಬ್ಬಿದ ತಕ್ಷಣ ಹಾಕಿ, ಇಲ್ಲದಿದ್ದರೆ ಬೆಳಿಗ್ಗೆಗೆ ಹುಳಿ ಮುಖ ಮಾಡುತ್ತೆ. ಚಳಿಗಾಲದಲ್ಲಿ ಉಬ್ಬಿದ ಮೇಲೆ ಹಾಕಿ.

ಕಾವಲಿ ಕೈ:

ಹುಳಿ ಸರ್, ಒಂದು ಮಾತು ಸೇರಿಸ್ತೀನಿ. ಅತಿ ಹುಳಿ ಬಂದ ಹಿಟ್ಟು ಎಷ್ಟು ಉರಿ ಕೊಟ್ಟರೂ ಕೆಂಪಾಗಲ್ಲ. ಜನ ಉರಿ ಜಾಸ್ತಿ ಮಾಡ್ತಾ ಹೋಗ್ತಾರೆ, ದೋಸೆ ಒಣಗಿ ಹಪ್ಪಳ ಆಗುತ್ತೆ, ಬಣ್ಣ ಮಾತ್ರ ಬರಲ್ಲ.

ಹಿಟ್ಟು ಹುಳಿ:

ಸರಿಯಾದ ಮಾತು. ಕೆಂಪಾಗೋಕೆ ಸಕ್ಕರೆ ಅಂಶ ಮತ್ತು ಪ್ರೋಟೀನು ಕಾವಿನಲ್ಲಿ ಸೇರಬೇಕು. ಹುದುಗು ಅತಿಯಾದಾಗ ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಮುಗಿಸಿರ್ತವೆ, ಜೊತೆಗೆ ಆಮ್ಲ ಹೆಚ್ಚಾದಷ್ಟು ಆ ಕ್ರಿಯೆ ನಿಧಾನ. ಸೋಡಾ ಹಾಕಿದರೆ ಆಮ್ಲ ಕಡಿಮೆಯಾಗಿ ಬಣ್ಣ ಬೇಗ ಬರುತ್ತೆ, ಉಬ್ಬೂ ಬರುತ್ತೆ. ಸಮಯ ಉಳಿಸೋಕೆ ಸೋಡಾ ಹಾಕೋ ಕಡೆ ದೋಸೆ ನೋಡೋಕೆ ಚೆನ್ನಾಗಿರುತ್ತೆ, ಬಾಯಲ್ಲಿ ಸಾಬೂನಿನಂಥ ಒಗರು ಉಳಿಯುತ್ತೆ, ಒಂದು ಗಂಟೆಯಲ್ಲಿ ಬಾಯಾರಿಕೆ. ಮನೆಯಲ್ಲಿ ಹುಳಿ ಹಿಟ್ಟು ಸರಿಮಾಡಲು ಎರಡು ಚಮಚ ಅಕ್ಕಿ ಹಿಟ್ಟು, ಅರ್ಧ ಚಮಚ ಸಕ್ಕರೆ, ಸ್ವಲ್ಪ ಹಾಲು ಸೇರಿಸಿ. ಸೋಡಾ ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಅಗ್ರಹಾರ ಬೀದಿ:

ಅಷ್ಟು ಖಡಾಖಂಡಿತ ಯಾಕೆ ಸರ್? ಐದು ಲೋಟ ಹಿಟ್ಟಿಗೆ ಒಂದು ಚಿಟಿಕೆ ಸೋಡಾ ಹಾಕಿದರೆ ರುಚಿಯಲ್ಲಿ ತಿಳಿಯೋದೇ ಇಲ್ಲ. ಮೆತ್ತನೆ ದೋಸೆಗೆ ಚಳಿಗಾಲದಲ್ಲಿ ಅದಿಲ್ಲದೆ ಕಣ್ಣೇ ಬಿಡಲ್ಲ.

ಹಿಟ್ಟು ಹುಳಿ:

ಚಿಟಿಕೆ ಒಪ್ಪುತ್ತೇನೆ, ಹುಯ್ಯೋ ಅರ್ಧ ಗಂಟೆ ಮುಂಚೆ, ಆವತ್ತಿಗೆ ಬೇಕಾದಷ್ಟು ಹಿಟ್ಟಿಗೆ ಮಾತ್ರ. ಇಡೀ ಪಾತ್ರೆಗೆ ಹಾಕಿ ಫ್ರಿಜ್ಜಿಗಿಟ್ಟರೆ ಮಾರನೇ ದಿನ ಉಬ್ಬೂ ಇಲ್ಲ, ರುಚಿಯೂ ಇಲ್ಲ.

ಗಾಂಧಿ ಚೌಕ:

ಎಲ್ಲರೂ ಹಿಟ್ಟಿನಲ್ಲೇ ಇದ್ದೀರಿ. ನಜರ್‌ಬಾದಿನ ದೋಸೆಯಲ್ಲಿ ಅರ್ಧ ಅಂಕ ಚಟ್ನಿಗೆ, ಸಾಗಿಗೆ ಹೋಗಬೇಕು. ಆ ಸಾಗು ಮನೆಯಲ್ಲಿ ಹೇಗೆ ಅಂತ ಯಾರಾದರೂ ಹೇಳಿ.

ಸರಸ್ವತಿಪುರಂ ಅಡುಗೆಮನೆ:

ಹತ್ತಿರ ಹತ್ತಿರ ಬರೋದು ಹೀಗೆ. ದೊಡ್ಡ ಈರುಳ್ಳಿ 4, ಉದ್ದಕ್ಕೆ ತೆಳುವಾಗಿ ಹೆಚ್ಚಿ. ರುಬ್ಬೋಕೆ: ಹಸಿ ಕಾಯಿತುರಿ ಅರ್ಧ ಲೋಟ, ಹಸಿಮೆಣಸು 4, ಹುರಿಗಡಲೆ 1 ದೊಡ್ಡ ಚಮಚ, ಗಸಗಸೆ ಅರ್ಧ ಚಮಚ, ಬೆರಳ ತುದಿಯಷ್ಟು ಚಕ್ಕೆ, ಲವಂಗ 1, ಕೊತ್ತಂಬರಿ ಸೊಪ್ಪು ದಂಟು ಸಮೇತ ಒಂದು ಹಿಡಿ. ಎಣ್ಣೆಯಲ್ಲಿ ಸಾಸಿವೆ ಕರಿಬೇವು ಸಿಡಿಸಿ, ಈರುಳ್ಳಿಗೆ ಉಪ್ಪು ಹಾಕಿ ಮುಚ್ಚಿ ಬೇಯಿಸಿ. ಕೆಂಪು ಮಾಡಬೇಡಿ. ಕೆಂಪಾದರೆ ಸಿಹಿ ಮುಂದೆ ಬಂದು ಬೇರೆ ಗೊಜ್ಜಿನ ರುಚಿ ಬಂದುಬಿಡುತ್ತೆ. ಹೊಳಪು ಬಂದು ಮೆತ್ತಗಾದ ಮೇಲೆ ರುಬ್ಬಿದ್ದು ಹಾಕಿ, ಅರ್ಧ ಲೋಟ ನೀರು, ಐದು ನಿಮಿಷ ಸಣ್ಣ ಕುದಿ. ಜೋರಾಗಿ ಕುದಿಸಿದರೆ ಕಾಯಿ ಒಡೆದು ಎಣ್ಣೆ ನೀರು ಬೇರೆ ಬೇರೆ. ಸೌಟಿನಿಂದ ಇಳಿಯದೆ ನಿಲ್ಲೋ ಹದಕ್ಕೆ ಇಳಿಸಿ, ನೀರಾದರೆ ದೋಸೆ ಎಲೆ ಮೇಲೆ ಕರಗಿಹೋಗುತ್ತೆ.

ಚಟ್ನಿಗೆ ಕಾಯಿ 1 ಲೋಟ, ಹುರಿಗಡಲೆ 2 ಚಮಚ, ಹಸಿಮೆಣಸು 3, ಅರ್ಧ ಇಂಚು ಶುಂಠಿ, ಉಪ್ಪು, ಚೂರು ಹುಣಸೆ. ತಣ್ಣೀರಲ್ಲೇ ರುಬ್ಬಿ. ಹುರಿಗಡಲೆ ಇಲ್ಲದಿದ್ದರೆ ಕಾಲು ಗಂಟೆಯಲ್ಲಿ ನೀರು ಬೇರೆಯಾಗುತ್ತೆ, ಜಾಸ್ತಿ ಆದರೆ ಕಾಯಿ ರುಚಿ ಸತ್ತು ಹಿಟ್ಟು ಹಿಟ್ಟಾಗುತ್ತೆ. ಬೇಸಿಗೆಯಲ್ಲಿ ಹೊರಗಿಟ್ಟ ಕಾಯಿ ಚಟ್ನಿ ಮೂರು ಗಂಟೆ ಮೇಲೆ ಮುಟ್ಟಬೇಡಿ. ಹೋಟೆಲಿನಲ್ಲೂ ಚಟ್ನಿ ಮೂಸಿ ನೋಡೋದು ತಪ್ಪಲ್ಲ.

ಅಗ್ರಹಾರ ಬೀದಿ:

ಕೆಂಪು ಚಟ್ನಿ ಲೆಕ್ಕ ನನ್ನದು: ಬ್ಯಾಡಗಿ 8, ಗುಂಟೂರು 2, ಬೆಳ್ಳುಳ್ಳಿ 6 ಎಸಳು, ಕಡಲೆಬೇಳೆ 2 ಚಮಚ ಎಣ್ಣೆಯಲ್ಲಿ ಹುರಿದದ್ದು, ಗೋಲಿ ಗಾತ್ರದ ಹುಣಸೆ, ಉಪ್ಪು. ಮೆಣಸಿನಕಾಯಿ ಅರ್ಧ ಗಂಟೆ ಬಿಸಿನೀರಲ್ಲಿ ನೆನೆದಿರಬೇಕು, ಇಲ್ಲದಿದ್ದರೆ ಸಿಪ್ಪೆ ಚೂರು ಹಲ್ಲಿಗೆ ಸಿಗುತ್ತೆ. ಬಣ್ಣ ಬ್ಯಾಡಗಿಯದು, ಖಾರ ಗುಂಟೂರಿನದು. ಪೂರ್ತಿ ಗುಂಟೂರು ಹಾಕಿದರೆ ಕಣ್ಣೀರು ಬರುತ್ತೆ, ಬಣ್ಣ ಬರಲ್ಲ. ದೋಸೆ ಮೇಲ್ಮೈ ಪೂರ್ತಿ ಒಣಗಿದ ಮೇಲೆ ಒಂದು ಟೀ ಚಮಚ ಸವರಿ. ಹಸಿ ಇದ್ದಾಗ ಸವರಿದರೆ ಹಿಟ್ಟನ್ನೇ ಕೆದರಿ ಎಳೆಯುತ್ತೆ.

ಆಲೂಗಡ್ಡೆ ಬೇಯಿಸಿದ ಮೇಲೆ ನೀರು ಬಸಿದು ಎರಡು ನಿಮಿಷ ಖಾಲಿ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ. ಪಲ್ಯ ಬೆಚ್ಚಗಿರಬೇಕು. ಫ್ರಿಜ್ಜಿನಿಂದ ತೆಗೆದ ಪಲ್ಯ ಇಟ್ಟರೆ ದೋಸೆ ನಡುವೆ ತಣ್ಣಗಾಗಿ ಒದ್ದೆಯಾಗುತ್ತೆ.

ಬೆಂಗಳೂರು ಬಸ್ಸು:

ಎಲ್ಲವನ್ನೂ ಬರೆದಿಟ್ಟುಕೊಂಡೆ. ಮನೆಯಲ್ಲಿರೋದು ನಾನ್‌ಸ್ಟಿಕ್ ತವಾ. ಅದರಲ್ಲಿ ಆಗುತ್ತಾ?

ಕಾವಲಿ ಕೈ:

ಮೆತ್ತನೆ ದೋಸೆ ಆಗುತ್ತೆ. ಹೊಂಬಣ್ಣದ ಮಸಾಲೆ ಕಷ್ಟ. ತೆಳು ತವಾದಲ್ಲಿ ಕಾವು ನಿಲ್ಲಲ್ಲ, ಹಿಟ್ಟು ಬಿದ್ದ ತಕ್ಷಣ ಕುಸಿಯುತ್ತೆ. ಜೋರು ಉರಿಯಲ್ಲಿ ಖಾಲಿ ಕಾಯಿಸಿದರೆ ಲೇಪ ಹಾಳು. 12 ಇಂಚಿನ ಎರಕದ ಕಬ್ಬಿಣದ ಕಾವಲಿ ತಗೊಳ್ಳಿ, ಎರಡೂವರೆ ಕೆಜಿಗೆ ಕಡಿಮೆ ಇರಬಾರದು. ಹೊಸದನ್ನು ತೊಳೆದು ಪೂರ್ತಿ ಒಣಗಿಸಿ, ಎಣ್ಣೆ ತೆಳ್ಳಗೆ ಸವರಿ ಹೊಗೆ ಬರೋವರೆಗೆ ಕಾಯಿಸಿ, ಆರಿಸಿ, ಹೀಗೇ ನಾಲ್ಕು ಸಲ. ಎಣ್ಣೆ ದಪ್ಪಗೆ ಹಾಕಿದರೆ ಅಂಟು ಅಂಟಾಗಿ ಕೂರುತ್ತೆ, ಆಮೇಲೆ ಉಜ್ಜಿ ತೆಗೆಯಬೇಕಾಗುತ್ತೆ.

ಅದರಲ್ಲಿ ಚಪಾತಿ ಮಾಡಬೇಡಿ. ಒಣ ಹಿಟ್ಟು ಸುಟ್ಟು, ಎಣ್ಣೆ ಇಲ್ಲದೆ ಕಾದು, ಕೂತಿದ್ದ ಎಣ್ಣೆ ಪದರ ಹೋಗುತ್ತೆ, ಮಾರನೇ ದಿನದ ದೋಸೆ ಏಳಲ್ಲ. ಪ್ರತಿ ದೋಸೆಗೂ ಅರ್ಧ ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ ಎಣ್ಣೆಗೆ ಅದ್ದಿ ಉಜ್ಜಿ. ಫ್ರಿಜ್ಜಿನ ಹಿಟ್ಟು ಒಂದು ಗಂಟೆ ಮುಂಚೆ ಹೊರಗಿಡಿ.

ಮಂಡ್ಯದ ಮಿಲ್ಲು:

ಬೆಂಗಳೂರಣ್ಣ, ವಾಪಸ್ ಓಗುವಾಗ ಎಂಗೂ ಮದ್ದೂರು ದಾರೀಲೆ ಅಲ್ವಾ. ಹೊಸ ಹೆದ್ದಾರೀಲಿ ಸೀದಾ ಓದ್ರೆ ಊರೊಳಗೆ ಬರದೇ ಇಲ್ಲ, ಬೈಪಾಸ್‌ನಲ್ಲೇ ದಾಟ್ಬುಡ್ತೀರಿ. ಮದ್ದೂರಿಗೆ ಹಳೇ ರಸ್ತೆಗೆ ಇಳೀರಿ. ಅಲ್ಲಿ ಮದ್ದೂರು ವಡೆ ಸಿಕ್ತದೆ. ಬಿಸಿ ವಡೆ ಕಾಯ್ಕಂಡು ತಿನ್ನಿ, ಕಟ್ಟಿಸ್ಕಂಡೂ ಓಗಿ. ದೋಸೆ ಥರ ಅಲ್ಲ ಇದು, ಮಾರ್ನೆ ದಿನಕ್ಕೂ ಕೆಡದೇ ಇಲ್ಲ. ರೈಲ್ವೆ ಸ್ಟೇಷನ್‌ನಲ್ಲಿ ಹುಟ್ಟಿದ ತಿಂಡಿ ಅಂತ ಹೇಳ್ತಾರೆ, 1917ರಲ್ಲಿ. ಪ್ರಯಾಣಕ್ಕೇ ಮಾಡಿದ್ದು ಅಂದ್ಮೇಲೆ ಕೇಳ್ಬೇಕಾ.

ಮನೇಲಿ ಮಾಡೋರಿಗೆ: ಚಿರೋಟಿ ರವೆ 1 ಲೋಟ, ಮೈದಾ ಅರ್ಧ, ಅಕ್ಕಿ ಹಿಟ್ಟು ಅರ್ಧ, ಈರುಳ್ಳಿ ದೊಡ್ಡದು 2, ಹಸಿಮೆಣಸು 4, ಕರಿಬೇವು ಧಾರಾಳ, ಬಿಸಿ ಎಣ್ಣೆ ಇಲ್ಲಾ ತುಪ್ಪ 3 ದೊಡ್ಡ ಚಮಚ. ಈರುಳ್ಳಿಗೆ ಉಪ್ಪಾಕಿ ಚೆನ್ನಾಗಿ ಹಿಸುಕಿ, ಹತ್ತು ನಿಮಿಷ ಬುಡಿ. ಅದು ಬುಡೋ ನೀರಲ್ಲೇ ಮುಕ್ಕಾಲು ಭಾಗ ಕಲಸ್ಕಳದು. ಆಮೇಲೆ ಬೇಕಾದ್ರೆ ಚಿಮುಕ್ಸಿ. ನೀರು ಜಾಸ್ತಿ ಆದ್ರೆ ವಡೆ ಎಣ್ಣೆ ಕುಡೀತದೆ. ಕಾಲು ಗಂಟೆ ಬುಟ್ಟು, ಎಣ್ಣೆ ಸವರಿದ ಎಲೆ ಮೇಲೆ ಮೂರೂವರೆ ಇಂಚಿಗೆ ತಟ್ಟಿ. ನಡು ಉರೀಲಿ ಏಳೆಂಟು ನಿಮಿಷ. ಜೋರು ಉರೀಲಿ ಕರುದ್ರೆ ಮೇಲೆ ಕಪ್ಪು, ಒಳಗೆ ಹಸಿ ಹಿಟ್ಟು. ಬಿಸಿ ಇದ್ದಾಗ ಡಬ್ಬಿಗೆ ತುಂಬಬ್ಯಾಡಿ, ಆವಿ ಕಟ್ಕಂಡು ಮೆತ್ತಗಾಯ್ತವೆ.

ಗಾಂಧಿ ಚೌಕ:

ಭಾನುವಾರ ಸಂಜೆ ಬಗ್ಗೆ ಒಂದು ಎಚ್ಚರಿಕೆ. 7 ಗಂಟೆಗೆ ಅರಮನೆ ದೀಪ ಹಚ್ಚುತ್ತಾರೆ, ಅದು ಮುಗಿದ ತಕ್ಷಣ ಸುತ್ತಲಿನ ಹೋಟೆಲುಗಳಿಗೆ ಒಟ್ಟಿಗೆ ಜನ ನುಗ್ಗುತ್ತಾರೆ. ಕಾವಲಿ ತಣ್ಣಗಾಗೋಕೂ ಬಿಡದೆ ದೋಸೆ ಹುಯ್ತಿರ್ತಾರೆ, ಆಗ ಬರೋ ದೋಸೆಯಿಂದ ಯಾವ ಹೋಟೆಲನ್ನೂ ಅಳೆಯಬೇಡಿ. ಆರಕ್ಕೆ ಮುಂಚೆ ತಿಂದು ದೀಪ ನೋಡಿ ನೇರ ಹೊರಡಿ. ಹಿರಿಯರು ಇದ್ದಾರೆ ಅಂತ ಹೇಳ್ತಿದ್ದೀನಿ, ಆ ಜನಸಂದಣಿಯಲ್ಲಿ ನಿಲ್ಲೋದು ಕಷ್ಟ. ನಜರ್‌ಬಾದ್ ದೋಸೆ ಆದ ಮೇಲೆ ಮಗುವನ್ನು ಶನಿವಾರವೇ ಮೃಗಾಲಯಕ್ಕೆ ಕರೆದುಕೊಂಡು ಹೋಗಬಹುದು, ದೂರ ಇಲ್ಲ.

ಬೆಂಗಳೂರು ಬಸ್ಸು:

ಹಾಗಾದರೆ ಶನಿವಾರ ಏಳೂವರೆ ಒಳಗೆ ನಜರ್‌ಬಾದ್, ಭಾನುವಾರ ಬೆಳಿಗ್ಗೆ ಏಳಕ್ಕೆ ಚಾಮುಂಡಿಪುರಂ, ಭಾನುವಾರ ಐದಕ್ಕೆ ಮತ್ತೆ ನಜರ್‌ಬಾದ್. ಕೊನೇ ಪ್ರಶ್ನೆ: ಮನೆಯಲ್ಲಿ ಇರೋರಿಗೆ ದೋಸೆ ಪಾರ್ಸಲ್ ತಗೊಂಡು ಹೋಗಬಹುದಾ? ಮೂರು ಗಂಟೆ ಪ್ರಯಾಣ.

ಕಾವಲಿ ಕೈ:

ದಯವಿಟ್ಟು ಬೇಡ. ಕಟ್ಟಿದ ದೋಸೆಯಲ್ಲಿ ಆವಿ ಒಳಗೇ ಉಳಿದು ಮೊದಲು ಒದ್ದೆಯಾಗುತ್ತೆ. ತಣ್ಣಗಾದಂತೆ ಅಕ್ಕಿಯ ಪಿಷ್ಟ ಬಿಗಿದುಕೊಂಡು ಚರ್ಮದ ಹಾಗಾಗುತ್ತೆ, ಮತ್ತೆ ಬಿಸಿ ಮಾಡಿದರೂ ಹಳೇ ಹದ ಬರಲ್ಲ. ಹತ್ತು ಹದಿನೈದು ನಿಮಿಷದ ದೂರಕ್ಕೆ ಮಾತ್ರ ಖಾಲಿ ದೋಸೆ ಬಾಳೆಲೆಯಲ್ಲಿ ಸಡಿಲವಾಗಿ ಸುತ್ತಿಸಿ, ಚಟ್ನಿ ಸಾಗು ಬೇರೆ ಕಟ್ಟಿಸಿ. ಮಸಾಲೆಯಾದರೆ ಮಡಿಸದೆ, ಪಲ್ಯ ಬೇರೆ.

ಮಂಡ್ಯದ ಮಿಲ್ಲು:

ಮನೇರಿಗೆ ಮದ್ದೂರು ವಡೆ ತಗಂಡೋಗಿ. ಪೇಪರ್ ಪೊಟ್ಟಣದಲ್ಲಿ, ಬಾಯಿ ಬುಟ್ಟು ಇಟ್ಕಳಿ.

ಸರಸ್ವತಿಪುರಂ ಅಡುಗೆಮನೆ:

ದೋಸೆಯನ್ನು ಬುಧವಾರ ಮನೆಯಲ್ಲೇ ಮಾಡಿಕೊಡಿ. ಮಂಗಳವಾರ ಮಧ್ಯಾಹ್ನ ಎರಡಕ್ಕೆ ಅಕ್ಕಿ ನೆನೆಹಾಕಿ, ಐದಕ್ಕೆ ಉದ್ದು, ರಾತ್ರಿ ಎಂಟಕ್ಕೆ ರುಬ್ಬಿ. ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಬೆಳಿಗ್ಗೆ ಉಕ್ಕಿ ಬಂದಿದ್ದರೆ ತಿರುವಬೇಡಿ, ಸೌಟಿನಿಂದ ಮೇಲಿಂದ ತೆಗೆದು ಹಾಗೇ ಹುಯ್ಯಿರಿ.